ಸೆರಗಿಗೆ ಬೆನ್ನು ಹಾಕಿದ ಗಿಳಿ

ಗೋಕಾಕಿನ ನಮ್ಮ ಮನೆಯ ನಡುಮನೆಯೆಲ್ಲ ಮಗ್ಗದ್ದೇ. ನಾವು ಅದರ ಸುತ್ತಮುತ್ತ ಬದುಕುತ್ತಿದ್ದೆವು. ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಅದನ್ನು ಕಂಡರೆ ಸಿಟ್ಟು. ಕೊಡ ಹೊತ್ತು ಒಳಗೆ ಹೋಗುವಾಗಲೂ ಮೈ ಓರೆ ಮಾಡಿ ಅದಕ್ಕೆ ದಾರಿ ಬಿಡಬೇಕಿತ್ತು. ಮುಂಬಯಿ ಪ್ರಾಂತ್ಯದಿಂದ ನಾವೆಲ್ಲ ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಮಗ್ಗದ ನೆತ್ತಿಯ ಮೇಲೆ ಜಕಾರ್ಡ್ ಪೆಟ್ಟಿಗೆ ಬಂದು ಕೂತಿತು. ಅಂದಿನಿಂದ ನನ್ನ ಸಿಟ್ಟು ಇಳಿದು ಕುತೂಹಲ ಏರಿತು.

ಜಕಾರ್ಡ್ ಎಂದರೆ ಸೀರೆಯ ದಡಿಯಲ್ಲಿ, ಅಂದರೆ ಉದ್ದಕ್ಕೂ ಓಡುವ ಅಂಚುಪಟ್ಟಿಯಲ್ಲಿ, ಹೂವು, ಬಳ್ಳಿ, ಹಕ್ಕಿ ಮೂಡಿಸುವ ಸಾಧನ. ಅದಕ್ಕೆ ಮಾತು ತಿಳಿಯದು, ತೂತು ತಿಳಿಯುತ್ತದೆ. ದಪ್ಪ ರಟ್ಟಿನ ಕಾರ್ಡಿನಲ್ಲಿ ತೂತಿದ್ದ ಕಡೆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಸುಮ್ಮನಿರುತ್ತದೆ. ಅಡ್ಡನೂಲು ಹೊತ್ತ ಲಾಳಿ ಒಮ್ಮೆ ಹಾಯುವುದಕ್ಕೆ ಒಂದು ಕಾರ್ಡು. ಅವನ್ನೆಲ್ಲ ಹುರಿಯಿಂದ ಸಾಲಾಗಿ ಹೊಲಿದು ಪೆಟ್ಟಿಗೆಗೆ ಇಳಿಬಿಟ್ಟರೆ, ನೇಯುತ್ತ ಹೋದಂತೆ ಚಿತ್ರ ತಾನಾಗಿ ಏಳುತ್ತದೆ. ಹಳೆಯ ಕಂಪ್ಯೂಟರುಗಳಿಗೂ ಆಜ್ಞೆ ಕೊಡುತ್ತಿದ್ದುದು ತೂತಿನ ಕಾರ್ಡಿನಿಂದಲೇ ಎಂದು ಎಷ್ಟೋ ವರ್ಷದ ಮೇಲೆ ಪತ್ರಿಕೆಯಲ್ಲಿ ಓದಿದೆ. ಒಂದು ಯಂತ್ರದಲ್ಲಿ ಸರಿ ನಡೆದ ಆಜ್ಞೆ ಇನ್ನೊಂದರಲ್ಲಿ ತಪ್ಪುವುದುಂಟು ಎಂದೂ ಅದರಲ್ಲಿತ್ತು. ಒಬ್ಬಳೇ ಕೂತು ನಕ್ಕೆ. ಆ ಪಾಡು ನಾನು ಪಟ್ಟಾಗಿತ್ತು.

ಚೌಕಳಿ ಕಾಗದದ ಮೇಲಿನ ಚಿತ್ರ ನೋಡಿ ಕಾರ್ಡಿಗೆ ತೂತು ಹೊಡೆಯುವುದನ್ನು ನಾನು ಗಂಡನಿಂದ ಕಲಿತೆ. ಕಲಿತ ಮೇಲೆ ಅವರಿಗಿಂತ ನನ್ನ ಕೈಯೇ ಚುರುಕಾಯಿತು. ಅವರಿಗೆ ನೇಯುವುದರಲ್ಲಿ ಜೀವ, ಕಾರ್ಡು ಹೊಡೆಯುವುದೆಂದರೆ ಬೇಸರ. ನನಗೋ, ಕೈಯಲ್ಲಿನ ಕಾರ್ಡಿನ ತೂತುಗಳು ಅಲ್ಲಿ ಮಗ್ಗದ ಮೇಲೆ ಗಿಳಿಯಾಗಿ ಹುಟ್ಟುವುದನ್ನು ನೋಡಿದಷ್ಟೂ ಸಾಲದು.

ನೇಕಾರರ ಸೊಸೈಟಿಗೆ ಆಗ ಗಡಿಯಾಚೆಯ ಇಚಲಕರಂಜಿಯಿಂದ ಕಾರ್ಡು ಬರುತ್ತಿದ್ದವು. ಆ ಕೆಲಸ ಇಲ್ಲೇ ನನಗೆ ಕೊಡಿ ಎಂದು ಗಂಡನಿಂದ ಕೇಳಿಸಿದೆ. ಮಂಡಳಿಯವರಿಗೆ ಮನಸ್ಸಿಲ್ಲ. ಹಿತ್ತಲ ಗಿಡ ಮದ್ದಲ್ಲ, ಅದರಲ್ಲೂ ಹೆಣ್ಣು ನೆಟ್ಟ ಗಿಡ. ಅಧ್ಯಕ್ಷರು ಮಾತ್ರ ಹುಟ್ಟಾ ನೇಕಾರರು, ಊರಿಗೆಲ್ಲ ಕಾಕಾ. ಅವರು ಒಂದು ಪರೀಕ್ಷೆ ಇಟ್ಟರು. ನಾನು ಹೊಡೆದ ಒಂದೇ ನಮೂನೆಯ ಕಾರ್ಡುಗಳನ್ನು ಗೋಕಾಕ, ಮೂಡಲಗಿ, ಹುಕ್ಕೇರಿಯ ಮಗ್ಗಗಳಿಗೆ ಹಾಕಬೇಕು. ಮೂರೂ ಕಡೆ ಸೆರಗು ಸಮೇತ ತುಂಡು ನೇಯಬೇಕು. ಮೂರೂ ಒಂದೇ ಥರ ಬಂದರೆ ಕೆಲಸ ನನ್ನದು, ಇಲ್ಲದಿದ್ದರೆ ಮತ್ತೆ ಇಚಲಕರಂಜಿ. ಆ ಕೆಲಸ ನನಗೆ ಬೇಕೇಬೇಕಾಗಿತ್ತು. ಅಡಿಗೆಮನೆಯ ಆಚೆಗೆ ನನ್ನದು ಅಂತ ಒಂದು ಇರಲಿ ಎಂಬ ಹಟ ನನಗೆ ಮೊದಲಿನಿಂದಲೂ ಇತ್ತು.

ನಮೂನೆ ಗಿಳಿಯದು. ಮದುವೆ ಸೀರೆಯ ದಡಿ. ನಮ್ಮ ಕಡೆ ಮದುಮಗಳ ಸೀರೆಯ ಗಿಳಿ ಸೆರಗಿನತ್ತ ನೋಡುತ್ತಿರಬೇಕು. ಸೆರಗಿಗೆ ಬೆನ್ನು ಹಾಕಿದ ಗಿಳಿಯನ್ನು ಹಿರಿಯರು ಅಂಗಡಿಯಲ್ಲೇ ಬಿಟ್ಟು ಏಳುತ್ತಿದ್ದರು.

ನಮ್ಮ ಮಗ್ಗದಲ್ಲಿ ಗಿಳಿ ಚೆಂದವಾಗಿ ಬಂತು. ಕಾಲು ದಡಿಯ ಅಂಚಿಗೆ, ಮುಖ ಸೆರಗಿಗೆ. ಆದರೆ ಮಂಡಳಿಯ ಮುಂದೆ ಉಳಿದೆರಡು ತುಂಡು ಬಿಚ್ಚಿದರು. ಮೂಡಲಗಿಯ ಗಿಳಿ ಸೆರಗಿಗೆ ಬೆನ್ನು ತಿರುಗಿಸಿ ಕೂತಿತ್ತು. ಹುಕ್ಕೇರಿಯದು ಕಾಲು ಮೇಲೆ ಮಾಡಿ ಬಾವಲಿಯಂತೆ ಜೋತಾಡುತ್ತಿತ್ತು.

“ಕಾರ್ಡ ಬರೋಬ್ಬರಿ ಅದಾವರಿ, ಮಗ್ಗದಾಗ ಏನೋ ಫರಕ ಐತಿ,” ಎಂದೆ.

“ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ,” ಎಂದರು ಮಂಡಳಿಯವರೊಬ್ಬರು. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಕಾಕಾ ಮಾತ್ರ ನಗಲಿಲ್ಲ. “ಮುಂದಿನ ಮೀಟಿಂಗಿಗೆ ಇನ್ನೊಮ್ಮಿ ತೋರಸವಾ, ಆಮ್ಯಾಲ ಮಾತಿಲ್ಲ,” ಎಂದರು.

ಮನೆಗೆ ಬಂದು ನನ್ನ ಕಾರ್ಡುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದೆ. ಎಲ್ಲೂ ತಪ್ಪಿಲ್ಲ. ತಪ್ಪು ಸಿಕ್ಕಿದ್ದರೆ ಅರ್ಧ ಸಮಾಧಾನವಾದರೂ ಆಗುತ್ತಿತ್ತು. ಅವೇ ತೂತುಗಳು ಒಂದೂರಲ್ಲಿ ಗಿಳಿಯನ್ನು ಯಾಕೆ ಬೆನ್ನು ತಿರುಗಿಸಿ ಕೂರಿಸುತ್ತವೆ, ಇನ್ನೊಂದೂರಲ್ಲಿ ಯಾಕೆ ಬುಡಮೇಲು ಮಾಡುತ್ತವೆ? ಅನ್ನ ಮುಂದಿಟ್ಟುಕೊಂಡರೂ ಅದೇ ಯೋಚನೆ. ಕೊನೆಗೆ ಗಂಡ, “ನಡಿ, ಕಣ್ಣಿಲೆ ನೋಡಿ ಬರೂಣು,” ಎಂದರು.

ಜಗಳಕ್ಕೆ ಸೊಂಟ ಕಟ್ಟಿಕೊಂಡೇ ಮೂಡಲಗಿಯ ಬಸ್ಸು ಹತ್ತಿದೆ. ಅಲ್ಲಿ ನೇಯ್ದವರು ಒಬ್ಬ ಮುಸಲ್ಮಾನ ಹಿರಿಯರು. ನಾವು ಚಾಚಾ ಎನ್ನುತ್ತಿದ್ದೆವು. ನನ್ನ ಮುಖ ನೋಡಿಯೇ ಅವರು ಮೊದಲು ಚಹಾ ತರಿಸಿದರು. ಬಿಸಿ ಚಹಾ ಕುಡಿಯುತ್ತ ಜಗಳ ಆಡಲು ಬರುವುದಿಲ್ಲ.

“ನಾ ಏನೂ ಕೈ ಹಚ್ಚಿಲ್ಲವ್ವಾ. ನಿನ್ನ ಕಾರ್ಡ ಹೇಳಿದಂಗ ನೇದೇನಿ.”

“ಹಂಗಾದ್ರ ನನ್ನ ಮುಂದ ಒಂಚೂರು ನೇದ ತೋರಸ್ರಿ ಚಾಚಾ. ಸೆರಗ ಸುರು ಮಾಡ್ರಿ.”

ಅವರು ನನ್ನನ್ನೇ ನೋಡಿದರು. “ಸೆರಗ ಯಾರರೆ ಮೊದಲ ನೇಯ್ತಾರೇನು? ಸೀರಿ ಮೈ ಮುಗದ ಮ್ಯಾಲ ಸೆರಗ.”

ನಾನೂ ನನ್ನ ಗಂಡನೂ ಮುಖ ಮುಖ ನೋಡಿಕೊಂಡೆವು. ನಮ್ಮ ಮನೆಯಲ್ಲಿ ಸೀರೆ ಶುರುವಾಗುವುದೇ ಸೆರಗಿನಿಂದ. ಮಾವ, ಮಾವನ ಅಪ್ಪ ಎಲ್ಲರೂ ಹಾಗೇ ನೇಯ್ದವರು. ಬೇರೆ ಥರ ಇರಬಹುದೆಂದು ಕನಸಿನಲ್ಲೂ ಅನಿಸಿರಲಿಲ್ಲ. ಚಾಚಾರ ಮನೆಯಲ್ಲಿ ಸೆರಗು ಕಟ್ಟಕಡೆಗೆ, ಅದೂ ತಲೆಮಾರುಗಳಿಂದ. ಇಬ್ಬರ ಮಗ್ಗದಲ್ಲೂ ಗಿಳಿ ನೇಕಾರನ ಕಡೆಗೇ ಮುಖ ಮಾಡಿ ಹುಟ್ಟುತ್ತಿತ್ತು. ನಮ್ಮಲ್ಲಿ ಮೊದಲೇ ನೇಯ್ದ ಸೆರಗು ನೇಕಾರನ ಕಡೆಯೇ ಇರುತ್ತದೆ, ಅವರಲ್ಲಿ ಕೊನೆಗೆ ನೇಯುವ ಸೆರಗು ಬರುವುದು ಗಿಳಿಯ ಬೆನ್ನ ಹಿಂದೆ. ಕಾರ್ಡಿನ ಸಾಲನ್ನು ಕೊನೆಯಿಂದ ಮೊದಲಿಗೆ ಓಡಿಸಿ ಎಂದೆ. ಚಾಚಾ ಓಡಿಸಿದರು. ಗಿಳಿ ಮುಖ ತಿರುಗಿಸಿತು. ಅವರ ಮಗ್ಗದ ಮುಂದೆಯೇ ನಾನು ಚಪ್ಪಾಳೆ ತಟ್ಟಿಬಿಟ್ಟೆ.

ಮೂಡಲಗಿಯ ಮದ್ದು ಹುಕ್ಕೇರಿಗೆ ನಡೆಯಲಿಲ್ಲ. ಅಲ್ಲಿ ಮಗ್ಗದ ಮೇಲೆ ಕೂತವಳು ಗಂಡನಿಲ್ಲದ, ದೊಡ್ಡ ಗಂಟಲಿನ ಒಬ್ಬ ಅಜ್ಜಿ.

“ಈಗಿನ ಹುಡುಗ್ಯಾರಿಗೆ ಇದ ಫ್ಯಾಶನ್ ಇರಬೇಕ ಅಂತ ಸುಮ್ಮನಿದ್ದೆ ನೋಡ!” ಎಂದು ತಲೆಕೆಳಗಾದ ಗಿಳಿ ತೋರಿಸಿ ನಕ್ಕಳು.

ಆಕೆಯೂ ನಮ್ಮಂತೆಯೇ ಸೆರಗಿನಿಂದ ಶುರು ಮಾಡುವವಳು. ಸಾಲು ಹಿಂದುಮುಂದು ಮಾಡಿದರೆ ಗಿಳಿ ಬೆನ್ನು ತಿರುಗಿಸುತ್ತದೆ, ತಲೆ ಮಾತ್ರ ಮೇಲೇಳದು. ನಾನು ಮಗ್ಗವನ್ನು ಸುತ್ತಿದೆ, ಬಗ್ಗಿದೆ, ಏಣಿ ಹತ್ತಿದೆ. ಏಣಿಯ ಮೇಲಿಂದ ಕಂಡಿತು. ನಮ್ಮಲ್ಲಿ ಕಾರ್ಡಿನ ಸಾಲು ನೇಕಾರನ ಮುಂದೆ ಜೋತಿರುತ್ತದೆ. ಇಲ್ಲಿ ಮುಂದೆ ಜೋಳದ ಚೀಲಗಳ ಅಟ್ಟ ಅಡ್ಡ ಬಂದದ್ದಕ್ಕೆ ಪೆಟ್ಟಿಗೆಯನ್ನೇ ತಿರುಗಿಸಿ, ಸಾಲನ್ನು ಹಿಂದೆ ಗೋಡೆಯ ಕಡೆ ಇಳಿಬಿಟ್ಟಿದ್ದರು. ಹಾಗಾಗಿ ನನ್ನ ಕಾರ್ಡಿನ ಎಡ ಈ ಮಗ್ಗಕ್ಕೆ ಬಲ. ದಡಿಯ ಅಂಚಿನಲ್ಲಿರಬೇಕಾದ ಕಾಲು ಒಳಗೆ ಬಂದು, ತಲೆ ಅಂಚಿಗೆ ಹೋಗಿತ್ತು. ಸಾಲನ್ನು ಬಿಚ್ಚಿ, ದೋಸೆ ಮಗುಚಿದಂತೆ ಕಾರ್ಡುಗಳನ್ನು ಮಗುಚಿ ಹಾಕಿದೆವು. ಗಿಳಿ ಕಾಲೂರಿ ನಿಂತಿತು. ಒಂದು ತೂತನ್ನೂ ಬದಲಿಸಿರಲಿಲ್ಲ ಎಂಬುದೇ ನನಗೆ ದೊಡ್ಡ ಸೋಜಿಗ.

ಮೀಟಿಂಗು ಸೊಸೈಟಿಯ ಪಡಸಾಲೆಯಲ್ಲಿ. ಗಂಡಸರು ಒಳಗೆ ಜಮಖಾನದ ಮೇಲೆ ಕೂತಿದ್ದರು, ನಾನು ಬಾಗಿಲ ಬಳಿ ನಿಂತಿದ್ದೆ. ನನ್ನ ಗಂಡ ಮೂರೂ ತುಂಡುಗಳನ್ನು ನನ್ನ ಕಣ್ಣೆದುರೇ, ದಡಿ ನಮ್ಮ ಕಡೆ ಬರುವಂತೆ ಸಾಲಾಗಿ ಹಾಸಿದರು. ಮೂರು ಗಿಳಿಯೂ ಒಂದೇ ತಾಯಿಯ ಮಕ್ಕಳಂತೆ ಕಂಡವು. ಆದರೆ ಕಾಕಾ ಹುಬ್ಬು ಗಂಟಿಕ್ಕಿದರು.

“ಏನವಾ ಇದು? ಹೋದ ಸರ್ತಿ ಒಂದ ತೆಲಿಕೆಳಗ ಇತ್ತು, ಈ ಸರ್ತಿ ಮೂರೂ ತೆಲಿಕೆಳಗ ಮಾಡಿಯಲ್ಲ!”

ನನ್ನ ಗಂಡನ ಮುಖ ಬಿಳಿಚಿಕೊಂಡಿತು. ಎಲ್ಲ ಮುಗಿಯಿತು ಎಂದುಕೊಂಡೆ. ಮತ್ತೆ ಗಿಳಿಗಳನ್ನು ನೋಡಿದೆ. ಕಾಲು ಅಂಚಿಗೇ ಇವೆ, ಸರಿಯಾಗಿಯೇ ಇವೆ. ಕಾಕಾರನ್ನು ನೋಡಿದೆ. ಅವರು ಆಚೆ ಗೋಡೆಗೆ ಒರಗಿ, ನನಗೆ ಎದುರಾಗಿ ಕೂತಿದ್ದರು.

ಆ ಕಾಲದಲ್ಲಿ ಸೊಸೆಯಂದಿರು ಹಿರಿಯರಿಗೆ ಹಾಗೆಲ್ಲ ಹೇಳುತ್ತಿರಲಿಲ್ಲ. ಬಾಯಿಗೆ ಬಂದುಬಿಟ್ಟಿತು: “ಕಾಕಾ, ಅಲ್ಲಿ ಕುಂತರ ಹಂಗ ಕಾಣತಾವರಿ. ಎದ್ದ ಈ ಬಾಜೂ ಬರ್ರಿ.”

ಕಾಕಾ ಒಂದು ಗಳಿಗೆ ನನ್ನನ್ನು ನೋಡಿದರು. ಆಮೇಲೆ ಮಂಡಿಗೆ ಕೈಯೂರಿ ಎದ್ದು, ಜಮಖಾನ ಸುತ್ತಿಕೊಂಡು ಬಾಗಿಲ ಬಳಿ ಬಂದು ನನ್ನ ಪಕ್ಕದಲ್ಲಿ ನಿಂತರು. ನೋಡಿದರು. ಮೊದಲು ಅವರ ಹೊಟ್ಟೆ ಕುಲುಕಿತು, ಆಮೇಲೆ ನಗು ಹೊರಬಂತು.

“ಎಲ್ಲಾರೂ ಈ ಕಡೆ ಬಂದ ನೋಡ್ರೋ,” ಎಂದರು.

ಒಬ್ಬೊಬ್ಬರಾಗಿ ಎದ್ದು ಬಂದರು. ನೆಲ ಡೊಂಕು ಎಂದವರೂ ಬಂದರು. ಕಾಕಾ ಮುಂದಿನ ನಮೂನೆಯ ಚೌಕಳಿ ಕಾಗದ ತರಿಸಿದರು. ತಂದವರು ಅಭ್ಯಾಸಬಲದಿಂದ ಅದನ್ನು ನನ್ನ ಗಂಡನತ್ತ ಚಾಚಿದರು. ಗಂಡ ಕೈ ಹಿಂದೆ ಕಟ್ಟಿಕೊಂಡರು. ಕಾಗದ ನನ್ನ ಕೈಗೆ ಬಂತು.

ಅದರ ಮೇಲೆ ಏನು ಹೂವಿದೆ ಎಂದು ನೋಡುವ ಮೊದಲೇ ನಾನು ಕೇಳಿದೆ: “ಇದು ಯಾರ ಮಗ್ಗಕ್ಕರಿ?”