ಮಂದೆ ಸರದಿಯ ಪೆಟ್ಟಿಗೆ

ನನ್ನ ಗಂಡ ಚಂದ್ರಕುಮಾರ್ ಕಡೂರಿನಲ್ಲಿ ಟಿವಿ, ಮೊಬೈಲ್ ರಿಪೇರಿ ಮಾಡುತ್ತಿದ್ದರು. ಊರಿಂದ ದಿನಾ ಯಗಟಿ ಬಸ್ಸಿನಲ್ಲೇ ಹೋಗಿ ಬರುವುದು. ಮಾತು ಕಮ್ಮಿ. ಊಟಕ್ಕೆ ಕೂತರೂ ಬೆರಳಲ್ಲಿ ಸುಟ್ಟ ತಂತಿಯ ವಾಸನೆ. ಈ ಸಲ ರಾಗಿ ಕೊಯ್ಲಿಗೆ ಮುಂಚೆ ಎದೆನೋವು ಬಂದು ತೀರಿಹೋದರು. ಊರ ಬಾಯಲ್ಲಿ ಕಳ್ಳ ಅನ್ನಿಸಿಕೊಂಡೇ ಹೋದರು. ಅದನ್ನು ಸಹಿಸಲು ನನಗಾಗಲಿಲ್ಲ.

ಕೊಯ್ಲಾದ ಮೇಲೆ ಕರಿಸಿದ್ದಪ್ಪನ ಕುರಿಮಂದೆ ನಮ್ಮೂರ ಹೊಲಗಳಲ್ಲಿ ತಂಗುತ್ತದೆ, ಗೊಬ್ಬರಕ್ಕೆ. ಯಾರ ಹೊಲಕ್ಕೆ ಮೊದಲು ಎಂದು ಚೀಟಿ ಎತ್ತುತ್ತಿದ್ದರು. ಚೀಟಿ ಮಡಿಸಿದವನ ಮೇಲೆ ಪ್ರತಿ ಸಲ ಜಗಳ. ಇವರು ಒಂದು ಪೆಟ್ಟಿಗೆ ಮಾಡಿದರು. ಗುಂಡಿ ಒತ್ತಿದರೆ ಒಂದು ಹೊಲದ ನಂಬರು ಬರುತ್ತದೆ.

"ಇದ್ರಲ್ಲಿ ನೀವೇ ಕೈಯಾಡಿಸ್ಬೋದಲ್ವಾ?" ಎಂದು ಕೇಳಿದ್ದೆ.

"ಇದ್ರ ಚಿಪ್ ಒಳಗೆ ಬೀಗ ಹಾಕಿದ್ ಕೋಣೆ ಐತೆ ಕಣೇ. ನಂಬರ್ ಹುಟ್ಟೋದು ಅಲ್ಲಿ. ಫರ್ಮ್‌ವೇರ್ ಅಂತ ಚಿಪ್ ಜತೇಲೇ ಬಂದಿರೋ ಪ್ರೋಗ್ರಾಮು ಬಾಗ್ಲು ಕಾಯ್ತದೆ. ಪೆಟ್ಟಿಗೆ ನಡೆಸೋ ಆಪರೇಟಿಂಗ್ ಸಿಸ್ಟಂ ಬಾಗ್ಲಲ್ಲಿ ನಿಂತು ಕೇಳ್ಬೋದು ಅಷ್ಟೆ. ಒಳಕ್ಕೆ ಅದ್ರ ಕೈನೂ ಹೋಗಲ್ಲ, ನನ್ ಕೈನೂ ಹೋಗಲ್ಲ."

ಎರಡು ವರ್ಷವೂ ಮೊದಲ ನಂಬರು ಒಂದೇ ಬಂತು. ನನ್ನ ತಮ್ಮ ಈರಪ್ಪನ ಹೊಲದ್ದು.

"ಬಾಮೈದನಿಗೆ ಉಡುಗೊರೆ ಚೆನ್ನಾಗೈತೆ ಕಣಪ್ಪಾ," ಎಂದ ಹೊನ್ನೇಶ. ಅವನ ಹೊಲ ಈರಪ್ಪನದಕ್ಕೆ ಅಂಟಿದೆ. ಊರೆಲ್ಲ ನಕ್ಕಿತು.

ಮನೆಯಲ್ಲಿ ಒತ್ತಿದರೆ ಬೇರೆ ಬೇರೆ ನಂಬರೇ ಬರುತ್ತಿತ್ತು. ಇವರು ಅನ್ನ ಬಿಟ್ಟು ಕೂತರು. ಕೊನೆಗೆ ಗೊತ್ತಾಯಿತು. ಮನೆಯಲ್ಲಿ ಪೆಟ್ಟಿಗೆ ದಿನವೆಲ್ಲ ಆನ್ ಇರುತ್ತದೆ. ಊರ ಗುಡಿ ಕಟ್ಟೆಯಲ್ಲಿ ಹಾಗಲ್ಲ. ಮಂಗಳಾರತಿ ಆದ ಮೇಲೇ ಸ್ವಿಚ್ಚು. ಗಂಟೆ ನಿಲ್ಲುವುದರೊಳಗೆ ಗುಂಡಿ ಒತ್ತಬೇಕು, ಅದು ಶುಭ.

"ಸ್ವಿಚ್ ಹಾಕಿದ್ ತಕ್ಷಣ ಒಳಗಿನ್ ಕೋಣೇದು ಇನ್ನೂ ಎದ್ದಿರಲ್ಲ. ಉತ್ರ ಬರ್ಲಿಲ್ಲ ಅಂತ ಪ್ರೋಗ್ರಾಮು ತಾನೇ ಒಂದ್ ನಂಬರ್ ಹೇಳ್ಬಿಟ್ಟೈತೆ. ಯಾವಾಗ್ಲೂ ಅದೇ ಒಂದು. ಹಂಗೆ ಬರ್ದೋನು ನಾನೇ, ಅದು ಈರಪ್ಪಂದಾಗ್ತದೆ ಅಂತ ಗೊತ್ತಿರ್ಲಿಲ್ಲ."

ಸರಿ ಮಾಡಿದರು. ಒಳಗಿನಿಂದ ಉತ್ತರ ಬರುವವರೆಗೆ ಪೆಟ್ಟಿಗೆ ಬಾಯಿ ಬಿಡಬಾರದು. "ಮಂದೆ ಬರ್ಲಿ, ಎಲ್ರ ಮುಂದೆ ತೋರಿಸ್ತೀನಿ," ಎಂದರು. ಮಂದೆ ಬಂತು. ಇವರಿರಲಿಲ್ಲ.

ಪೆಟ್ಟಿಗೆ ನಾನೇ ಹೊತ್ತುಕೊಂಡು ಹೋದೆ.

"ಮಂಗಳಾರತಿ ಹೊತ್ನಲ್ಲಿ ನೀನ್ಯಾಕೆ ಬಂದ್ಯಮ್ಮ ಮೀನಾಕ್ಷಮ್ಮ?" ಎಂದ ಹೊನ್ನೇಶ.

"ಪೆಟ್ಟಿಗೆ ನಮ್ದು. ಒತ್ತೋಳು ನಾನೇ."

ಆರತಿ ಆಯಿತು. ಸ್ವಿಚ್ಚು ಹಾಕಿ ಒತ್ತಿದೆ. ಏನೂ ಬರಲಿಲ್ಲ. ಗಂಟೆ ನಿಂತಿತು. ಕರ್ಪೂರ ಆರಿತು.

"ಯಜಮಾನನ ಹಿಂದೆ ಪೆಟ್ಟಿಗೇನೂ ಹೋಯ್ತು," ಎಂದು ಯಾರೋ ನಕ್ಕರು.

"ಒಳ್ಳೆ ಗಳಿಗೆ ಹೋಯ್ತದೆ ಕಣಮ್ಮಾ!" ಎಂದ ಹೊನ್ನೇಶ.

"ಹೋಗ್ಲಿ. ಸುಳ್ಳು ಹೇಳೋದ್ಕಿಂತ ಸುಮ್ನಿರೋದು ವಾಸಿ. ಪೆಟ್ಟಿಗೆ ಏಳೋಕ್ ಮುಂಚೇನೇ ಒತ್ತಿದ್ದಕ್ಕೇ ಎರಡು ವರ್ಷ ಅದೇ ನಂಬರ್ ಬಂದಿದ್ದು. ಸ್ವಲ್ಪ ಕಾದು ನೋಡು."

ಪೆಟ್ಟಿಗೆಯ ಪಕ್ಕದಲ್ಲೇ ನಿಂತೆ. ಕದಲಲಿಲ್ಲ. ನಂಬರು ಬಂತು. ತಿಮ್ಮಕ್ಕನ ಹೊಲ.

"ಇನ್ನೊಂದ್ಸಲ ಸ್ವಿಚ್ ಆರಿಸಿ ಹಾಕು," ಎಂದ ಹೊನ್ನೇಶ. ಆರಿಸಿ ಹಾಕಿದೆ. ಮತ್ತೆ ಕಾಯಿಸಿತು. ಬೇರೆ ನಂಬರು ಬಂತು. ಈರಪ್ಪನದಲ್ಲ.

ಕರಿಸಿದ್ದಪ್ಪ ಕಂಬಳಿ ಕೊಡವಿ ಎದ್ದ. "ಮೊದ್ಲು ಬಂದದ್ದೇ ಲೆಕ್ಕ. ತಿಮ್ಮಕ್ಕನ ಹೊಲಕ್ಕೆ ಹೊಡೀರ್ರೋ ಮಂದೆ. ಚಂದ್ರಣ್ಣಂದೇನೂ ತಪ್ಪಿಲ್ಲ."

ಹೊನ್ನೇಶ ತಲೆ ಕೆರೆದುಕೊಂಡ. "ಮುಂದಿನ್ ವರ್ಷ ಆರತಿಗೆ ಮುಂಚೇನೇ ಸ್ವಿಚ್ ಹಾಕಣ ಬಿಡಮ್ಮ. ಕಾಯೋದು ತಪ್ತದೆ."

"ಹಾಕಂಗಿಲ್ಲ," ಎಂದೆ. "ಆರತಿ ಆದ್ಮೇಲೇ ಹಾಕ್ಬೇಕು. ಅದು ಕಾಯೋದ್ನ ಊರೆಲ್ಲ ನೋಡ್ಬೇಕು."