ನಾಲ್ಕು ದಿನ ಬ್ರಷ್ ಬೇಡ ಎಂದವಳು ನಾನು

ಕಳೆದ ತಿಂಗಳು ನಾನೊಂದು ಸಲಹೆ ಕೊಟ್ಟೆ. ಯಾರೂ ಕೇಳಿರಲಿಲ್ಲ. (ಮೂವತ್ತು ವರ್ಷ ಟೀಚರ್ ಆಗಿದ್ದವರು ಕೇಳಲಿ ಎಂದು ಕಾಯುವುದಿಲ್ಲ.)

ಅಂಬೇವಾಡಿಯಲ್ಲಿ ನಮ್ಮ ಪಕ್ಕದ ಮನೆ ಶಬಾನಾಳದು. ಗಂಡ ರಫೀಕ್ ಬೈಕ್ ಮೆಕ್ಯಾನಿಕ್. ಒಬ್ಬಳೇ ಮಗಳು ಸಾನಿಯಾಗೆ ಆರು ವರ್ಷ. ಬ್ಲಡ್ ಕ್ಯಾನ್ಸರ್. ಹುಬ್ಬಳ್ಳಿಯಲ್ಲಿ ಕೀಮೋ ನಡೆದಿತ್ತು. ಕೂದಲು ಉದುರಿದ ತಲೆಗೆ ಅಪ್ಪನ ಹೆಲ್ಮೆಟ್ ಹಾಕಿಕೊಂಡು ನಮ್ಮ ಗೇಟಿನ ತನಕ ಬಂದು ನನಗೆ ಸೆಲ್ಯೂಟ್ ಹೊಡೆಯುತ್ತಿದ್ದಳು.

ಆಸ್ಪತ್ರೆಯ ನರ್ಸ್ ಶಬಾನಾಗೆ ಬಾಯಿಯ ಬಗ್ಗೆ ಪಾಠವನ್ನೇ ಮಾಡಿದ್ದರಂತೆ. ಮೆತ್ತನೆಯ ಬ್ರಷ್. ಪ್ರತಿ ಸಲ ಉಂಡ ಮೇಲೆ ಕಾಯಿಸಿ ಆರಿಸಿದ ಉಪ್ಪು ನೀರಲ್ಲಿ ಬಾಯಿ ಮುಕ್ಕಳಿಸುವುದು. ದಿನಾ ಟಾರ್ಚ್ ಹಾಕಿ ಹುಣ್ಣಿದೆಯೇ ನೋಡುವುದು. ಜ್ವರ ಬಂದರೆ ಕಾಯದೆ ಹೊರಡುವುದು. ಶಬಾನಾ ಒಂದನ್ನೂ ತಪ್ಪಿಸಿರಲಿಲ್ಲ.

ಅವತ್ತು ಬೆಳಿಗ್ಗೆ ಬ್ರಷ್ ಕೆಂಪಾಗಿತ್ತು. ಒಸಡಿನಿಂದ ರಕ್ತ. ಹುಡುಗಿ ಬಾಯಿ ಬಿಗಿಹಿಡಿದು ಅಳುತ್ತಿದ್ದಳು. ಅಳು ಕೇಳಿ ಹೋದ ನಾನು ಹೇಳಿಬಿಟ್ಟೆ:

“ಬಿಡವ್ವಾ ಶಬಾನಾ, ಯಾಕ ತ್ರಾಸ ಕೊಡ್ತಿ ಕೂಸಿಗೆ? ನಾಕ್ ದಿನ ಬ್ರಷ್ ಮಾಡದಿದ್ರ ಏನೂ ಆಗೂದಿಲ್ಲ.”

ಆಸ್ಪತ್ರೆಗೆ ಫೋನ್ ಮಾಡಿ ಕೇಳಲೇ ಎಂದಳು. ಇಷ್ಟಕ್ಕೆಲ್ಲ ಏನು ಫೋನು ಎಂದೆ.

ಉರಿಯುತ್ತದೆಂದು ಉಪ್ಪು ನೀರೂ ನಿಂತಿತು. ಐದನೇ ದಿನ ಬಾಯಿ ತುಂಬ ಹುಣ್ಣು, ಮೈ ಸುಡುವ ಜ್ವರ. ರಫೀಕ್ ಗೆಳೆಯನ ಕಾರು ತಂದ. ಹುಬ್ಬಳ್ಳಿಯ ದಾರಿಯಲ್ಲಿ ಹಳಿಯಾಳ ದಾಟುವಷ್ಟರಲ್ಲಿ ಸಾನಿಯಾಗೆ ಎಚ್ಚರ ತಪ್ಪಿತ್ತು. ಕೀಮೋದಿಂದ ಸೋಂಕಿನೊಡನೆ ಹೋರಾಡುವ ಶಕ್ತಿಯೇ ಇಲ್ಲದ ಮೈ; ಬಾಯಿಯ ಹುಣ್ಣಿನಿಂದ ಸೋಂಕು ರಕ್ತಕ್ಕಿಳಿದಿತ್ತು. ಆಸ್ಪತ್ರೆ ಸೇರಿದ ಮೂರನೇ ದಿನ ಹೋಗಿಬಿಟ್ಟಳು.

ರಕ್ತ ಬಂದಾಗ ಏನು ಮಾಡಬೇಕಿತ್ತು? ಅದನ್ನು ಆಮೇಲೆ ಆ ನರ್ಸ್‌ಗೆ ಫೋನ್ ಮಾಡಿ ಕೇಳಿದೆ. (ಹೌದು, ಆಮೇಲೆ.) ಅವತ್ತೇ ತಿಳಿಸಿದ್ದರೆ ರಕ್ತ ಪರೀಕ್ಷೆಗೆ ಕರೆಸುತ್ತಿದ್ದೆವು, ಬ್ರಷ್ ಬದಲು ಮೆತ್ತನೆಯ ಒದ್ದೆ ಬಟ್ಟೆಯಿಂದ ಒರೆಸಲು ಹೇಳುತ್ತಿದ್ದೆವು ಎಂದರು. ಸ್ವಚ್ಛ ಮಾಡುವುದನ್ನೇ ನಿಲ್ಲಿಸಿ ಎನ್ನುತ್ತಿರಲಿಲ್ಲ. ಅಷ್ಟೆಲ್ಲ ಮಾಡಿದ್ದರೂ ಉಳಿಯುತ್ತಿದ್ದಳೆಂದು ಹೇಳಲಾಗದು ಎಂದೂ ಸೇರಿಸಿದರು, ಪಾಪ. ಆ ಮಾತಿನ ಹಿಂದೆ ನಾನು ಅಡಗಿಕೊಳ್ಳಲೇ?

ಮೊನ್ನೆ ಶಬಾನಾಳ ಮನೆಗೆ ಹೋಗಿ ತಪ್ಪು ನನ್ನದು ಎಂದೆ. ಬೈದರೆ ಹಗುರಾಗುತ್ತೇನೆ ಅಂದುಕೊಂಡಿದ್ದೆ. ಬೈಯಲಿಲ್ಲ. ಇಷ್ಟೇ ಅಂದಳು:

“ಆಕಿ ಅಳೂದು ನೋಡಾಕ ಆಗ್ತಿರಲಿಲ್ರಿ ಅಕ್ಕಾರ. ಯಾರರ ಬ್ಯಾಡ ಅನ್ನಲಿ ಅಂತ ಕಾಯಾಕತ್ತಿದ್ದೆ. ನೀವಂದ್ರಿ.”

ನನ್ನ ಮಾತು ಅವಳ ಕಿವಿಗೆ ಬಿದ್ದದ್ದು ಅಂಥ ಗಳಿಗೆಯಲ್ಲಿ. ಕಾಯಿಲೆಯ ಮನೆಗೆ ಹೋದವರು ನಾವೆಲ್ಲ ಒಂದಲ್ಲ ಒಂದು ಸಲಹೆ ಇಟ್ಟೇ ಬರುತ್ತೇವೆ. ಮನೆಯವರು ಎಷ್ಟು ದಣಿದಿದ್ದಾರೆ, ಯಾವ ಮಾತಿಗೆ ಜೋತುಬೀಳುತ್ತಾರೆ ಎಂದು ಯೋಚಿಸುವುದಿಲ್ಲ.

ನೀವು ಕೊನೆಯ ಸಲ ‘ನನಗೆ ಗೊತ್ತಿಲ್ಲ, ಡಾಕ್ಟರನ್ನು ಕೇಳು’ ಎಂದದ್ದು ಯಾವಾಗ?