ರಾಮಾಂಜಿನಪ್ಪನವರ ಕೆಂಪು ಚೀಟಿ

ಕುಂದಲಹಳ್ಳಿಯ ವೇಣಿ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದಾಗ, ಕೂಗಳತೆಯಲ್ಲೇ ಅಷ್ಟೊಂದು ಕಂಪನಿಗಳಿರುವಾಗ ಈ ಹುಡುಗಿಗೇನು ಕೊರತೆ ಎಂದು ಊರವರು ಅಂದುಕೊಂಡಿದ್ದರು. ಅವಳು ಹೋಗಿ ಮೇಷ್ಟರ ಕೆಲಸಕ್ಕೆ ಸೇರಿದಳು. ವೈಟ್‌ಫೀಲ್ಡ್ ಆಚೆಯ ಖಾಸಗಿ ವಿಶ್ವವಿದ್ಯಾಲಯವೊಂದು ದತ್ತಾಂಶ ತರಬೇತಿ ಕೇಂದ್ರ ತೆರೆದಿತ್ತು. ಭೂವಿಜ್ಞಾನದವರು, ಸಮಾಜಶಾಸ್ತ್ರದವರು, ಸಸ್ಯಶಾಸ್ತ್ರದವರು ಒಟ್ಟಿಗೆ ಕೂತು ಸಂಶೋಧನೆ ಮಾಡಲಿ ಎಂಬುದು ಆಸೆ. ಅದಕ್ಕೆ ಬೇಕಾದ, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ ಓಪನ್ ಸೋರ್ಸ್ ತಂತ್ರಾಂಶವನ್ನು ಅವರಿಗೆಲ್ಲ ಕಲಿಸುವುದು ವೇಣಿಯ ಪಾಲಿಗೆ ಬಂತು. ಗುತ್ತಿಗೆ ನೌಕರಿ. 2015ರ ಮಾರ್ಚಿನಲ್ಲಿ ಪರಿಶೀಲನಾ ಸಮಿತಿ ಬಂದು ನೋಡಿ ಮೆಚ್ಚಿದರೆ ಕೇಂದ್ರವೂ ಉಳಿಯುತ್ತದೆ, ಅವಳೂ ಉಳಿಯುತ್ತಾಳೆ. ಇಲ್ಲದಿದ್ದರೆ ಇಬ್ಬರೂ ಗಂಟುಮೂಟೆ ಕಟ್ಟಬೇಕು.

ತನ್ನ ತರಗತಿಯಲ್ಲಿ ಅವಳು ಎಲ್ಲರಿಗೂ ಎರಡು ಬಣ್ಣದ ಅಂಟುಚೀಟಿ ಕೊಡುತ್ತಿದ್ದಳು. ಹೇಳಿಕೊಟ್ಟದ್ದು ಬಂದರೆ ಲ್ಯಾಪ್‌ಟಾಪಿನ ಬೆನ್ನಿಗೆ ಹಸಿರು ಅಂಟಿಸಬೇಕು. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಕೆಂಪು. ಕೈ ಎತ್ತಿ ಕೇಳಲು ನಾಚುವವರಿಗೆ ಇದು ಸುಲಭ ಎಂದು ಅವಳ ಲೆಕ್ಕಾಚಾರ.

ಲೆಕ್ಕಾಚಾರ ತಲೆಕೆಳಗಾಯಿತು. ಎಲ್ಲರದೂ ಸದಾ ಹಸಿರು. ತರಗತಿ ಮುಗಿದದ್ದೇ ತಡ, ಒಬ್ಬರೂ ಆ ತಂತ್ರಾಂಶದ ಸುದ್ದಿಗೆ ಹೋಗುತ್ತಿರಲಿಲ್ಲ. ಕಾರಣ ಮುಂದಿನ ಸಾಲಿನಲ್ಲೇ ಕೂತಿತ್ತು ಎಂಬುದು ವೇಣಿಗೆ ತಡವಾಗಿ ಹೊಳೆಯಿತು. ಭೂವಿಜ್ಞಾನದ ಹಿರಿಯ ಪ್ರೊಫೆಸರ್ ರಾಮಾಂಜಿನಪ್ಪನವರು ಅಲ್ಲಿ ಹಸಿರು ಅಂಟಿಸಿಕೊಂಡು ಕೂತಿರುವಾಗ ಅವರ ಕೈಕೆಳಗೆ ಪಿಎಚ್.ಡಿ. ಮಾಡುವವರು ಕೆಂಪು ಅಂಟಿಸುವುದುಂಟೆ? ಹಿಂದೆ ಶಿಷ್ಯರ ದಂಡೇ ಇರುವಾಗ ಅವರಾದರೂ ಹೇಗೆ ಅಂಟಿಸಿಯಾರು? ಮರ್ಯಾದೆಯ ಪ್ರಶ್ನೆ. ಹೀಗೆ ಮರ್ಯಾದಸ್ಥರೆಲ್ಲ ಸೇರಿ ಏನೂ ಕಲಿಯದೆ ಎದ್ದು ಹೋಗುತ್ತಿದ್ದರು.

ಸಮಿತಿ ಬರುವ ದಿನ ವೇಣಿ ಅಭ್ಯಾಸಕ್ಕೆ ರಾಮಾಂಜಿನಪ್ಪನವರದೇ ಅಂಕಿಅಂಶ ಕೇಳಿ ಪಡೆದಿದ್ದಳು. ಪೀಣ್ಯದ ಕೊಳವೆಬಾವಿಗಳ ನೀರನ್ನು ಅವರು ವರ್ಷಗಟ್ಟಲೆ ಪರೀಕ್ಷಿಸಿ ಬರೆದಿಟ್ಟದ್ದು. ಅವರ ಪಕ್ಕದಲ್ಲಿದ್ದ ಸಮಾಜಶಾಸ್ತ್ರದ ಹುಡುಗಿಯ ಪರದೆಯ ಮೇಲೆ ಆ ಬಾವಿಗಳ ನಕ್ಷೆ ಮೂಡಿತು. ರಾಮಾಂಜಿನಪ್ಪನವರ ಪರದೆಯಲ್ಲಿ ಬರೀ ತಪ್ಪಿನ ಸಂದೇಶ. ಅವರು ಪಕ್ಕಕ್ಕೆ ನೋಡಿದರು, ತಮ್ಮದನ್ನು ನೋಡಿಕೊಂಡರು. ಕೂಸು ತಮ್ಮದು, ಮುಖ ಕಂಡದ್ದು ಬೇರೆಯವರಿಗೆ. ತಡೆಯಲಾಗಲಿಲ್ಲ. ಹಸಿರು ಕಿತ್ತು ಕೆಂಪು ಅಂಟಿಸಿದರು.

ಅಷ್ಟೇ ಸಾಕಾಯಿತು. ಹಿಂದಿನ ಸಾಲುಗಳಲ್ಲಿ ಒಂದೊಂದೇ ಕೆಂಪು ಕಾಣಿಸಿಕೊಂಡು ಇಡೀ ಕೋಣೆ ಕೆಂಪಾಯಿತು. ಮೂಲೆಮೂಲೆಯಿಂದ ಪ್ರಶ್ನೆಗಳು ಬರತೊಡಗಿದವು. ವೇಣಿಗೆ ಹಿಗ್ಗೋ ಹಿಗ್ಗು. ಆ ಹೊತ್ತಿಗೆ ಕಾರಿಡಾರಿನಲ್ಲಿ ಸಮಿತಿಯವರ ಮಾತು ಕೇಳಿಸಿತು. ಚೀಟಿ ತೆಗೆಯಿರಿ ಎಂದು ಒಂದು ಮಾತು ಹೇಳಿದ್ದರೆ ಎಲ್ಲರೂ ತೆಗೆಯುತ್ತಿದ್ದರು. ಮಾತು ಬಾಯಿಗೆ ಬಂದಿತ್ತು. ಈಗಷ್ಟೇ ಬಾಯಿಬಿಟ್ಟವರನ್ನು ಮತ್ತೆ ಮುಚ್ಚಿಸಲು ಅವಳಿಗೆ ಮನಸ್ಸಾಗಲಿಲ್ಲ.

"ಏನ್ ಮೇಡಂ, ಕೆಂಪು ಅಂದ್ರೆ ಬರಲ್ಲ ಅಂತ ತಾನೆ? ಒಬ್ಬರಿಗೂ ಬರ್ತಿಲ್ವಲ್ಲ!" ಎಂದರು ಸಮಿತಿಯ ಅಧ್ಯಕ್ಷರು.

"ಇವತ್ತಿಂದ ಬರೋಕೆ ಶುರುವಾಗಿದೆ ಸಾರ್," ಎಂದಳು ವೇಣಿ.

ಅವರಿಗೆ ಅದು ಉಡಾಫೆಯಂತೆ ಕೇಳಿಸಿತು. ಕೇಂದ್ರ ಮುಚ್ಚಬಹುದೆಂದು ಶಿಫಾರಸು ಮಾಡಿದರು.

ಶಿಫಾರಸು ವಿಶ್ವವಿದ್ಯಾಲಯದ ಸಭೆಯ ಮುಂದೆ ಬಂದ ದಿನ ವೇಣಿಯನ್ನು ಕರೆಸಿ ಹೊರಗೆ ಕೂರಿಸಿದ್ದರು. ಬಾಗಿಲು ತೆರೆದೇ ಇತ್ತು. ಒಳಗೆ ರಾಮಾಂಜಿನಪ್ಪನವರು ಎದ್ದು ನಿಂತದ್ದು ಕಾಣಿಸಿತು. ಒಂದು ಕಾಲಕ್ಕೆ ಅವರ ಶಿಷ್ಯರಾಗಿದ್ದು ಈಗ ವಿಭಾಗದ ಮುಖ್ಯಸ್ಥರಾದವರೂ ಆ ಮೇಜಿನ ಸುತ್ತ ಇದ್ದರು.

"ಮೊದ್ಲು ಕೆಂಪು ಅಂಟಿಸಿದ್ದು ನಾನು. ನಂಗೆ ಬರಲ್ಲ," ಎಂದರು ಅವರು. "ಬರಲ್ಲ ಅಂತ ಹೇಳ್ಕೊಳ್ಳೋಕೆ ಈ ಕ್ಯಾಂಪಸ್ಸಲ್ಲಿ ನಂಗೆ ಅದೊಂದೇ ಜಾಗ ಇರೋದು. ಮುಚ್ಬೇಡಿ ಸಾರ್."

ಶಿಷ್ಯರೆಲ್ಲ ಮುಂದಿದ್ದ ಕಾಗದ ತಿರುವಿದರು. ಹೊರಗಿದ್ದ ವೇಣಿಗೆ ಕಣ್ಣು ತುಂಬಿ ಬಂತು. ಒಳಗೆ ಯಾರೋ ಶಿಫಾರಸು ಅಂಗೀಕಾರವಾಯಿತೆಂದು ಬರೆಸಿ ಸಭೆಯ ಮುಂದಿನ ವಿಷಯ ಓದಿದರು.